ಬೊಲೋನ್ಯಾದಲ್ಲಿ ಉಳಿದುಕೊಂಡು ಚೀಸ್ ಮತ್ತು ಕಾರುಗಳ ಊರು ಸುತ್ತುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಇಟಲಿಗೆ ಹೋಗುವ ನಮ್ಮವರು ರೋಮ್, ಫ್ಲಾರೆನ್ಸ್, ವೆನಿಸ್ ನೋಡಿ ಬರುತ್ತಾರೆ. ಫ್ಲಾರೆನ್ಸಿನಿಂದ ವೆನಿಸಿಗೆ ಹೋಗುವ ರೈಲು ನಡುವೆ ಬೊಲೋನ್ಯಾದಲ್ಲಿ ನಿಲ್ಲುತ್ತದೆ. ಹೆಚ್ಚಿನವರು ಅಲ್ಲಿ ಇಳಿಯುವುದೇ ಇಲ್ಲ. ಕಾರು ಮತ್ತು ಊಟ, ಈ ಎರಡರಲ್ಲಿ ಒಂದರ ಮೇಲೆ ಪ್ರೀತಿ ಇದ್ದರೂ ಸಾಕು, ನೀವು ಅಲ್ಲಿ ಇಳಿಯಬೇಕು. ಫೆರಾರಿ, ಲ್ಯಾಂಬೊರ್ಗಿನಿ, ಮಸೆರಾಟಿ, ಪಗಾನಿ, ಡುಕಾಟಿ ಎಲ್ಲದರ ಮನೆ ಇಲ್ಲಿಂದ ಒಂದು ಗಂಟೆಯ ಹಾದಿಯೊಳಗಿದೆ. ಪಾರ್ಮಿಜಾನೊ ಚೀಸ್ ಮತ್ತು ಬಾಲ್ಸಮಿಕ್ ವಿನೆಗರ್ ಮಾಡುವ ಹಳ್ಳಿಗಳೂ ಅದೇ ಹಾದಿಯಲ್ಲಿವೆ.

ಮೊದಲ ಸಲ ಹೋದಾಗ ನಾವು ಒಂದು ತಪ್ಪು ಮಾಡಿದೆವು. ಬೆಳಿಗ್ಗೆ ಕಾರು ಮ್ಯೂಸಿಯಂ ನೋಡಿ, ಹನ್ನೊಂದೂವರೆಗೆ ಚೀಸ್ ಮಾಡುವ ಜಾಗಕ್ಕೆ ಹೋದೆವು. ನೆಲ ತೊಳೆದಾಗಿತ್ತು. ತಾಮ್ರದ ಕೊಪ್ಪರಿಗೆಗಳು ಖಾಲಿ. ಅವತ್ತಿನ ಚೀಸ್ ಆಗಲೇ ಅಚ್ಚಿನೊಳಗೆ ಕೂತಿತ್ತು. ಕಾರು ಸಂಜೆ ಆರಕ್ಕೂ ಅಲ್ಲೇ ಇರುತ್ತದೆ, ಹಾಲು ಕಾಯುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಪ್ರತಿ ದಿನದ ಲೆಕ್ಕವನ್ನೂ ಮೊದಲು ತಿನ್ನುವ ವಸ್ತುವಿನಿಂದ ಶುರು ಮಾಡಿದ್ದೇನೆ. ಕಾರು ಆಮೇಲೆ.

ಮೊದಲ ಹೆಜ್ಜೆ: ತಂಗುವ ಜಾಗ ಮತ್ತು ತಿಂಗಳು

ಪಕ್ಕದ ಊರು ಮೊದೆನಾದಲ್ಲಿ ತಂಗಿದರೆ ಫೆರಾರಿಗೆ ಇನ್ನೂ ಹತ್ತಿರ ಅಲ್ವಾ ಎಂದು ಕೇಳಬಹುದು. ನಿಜ. ಆದರೂ ನಾನು ಬೊಲೋನ್ಯಾವನ್ನೇ ಹೇಳುತ್ತೇನೆ. ವಿಮಾನ ನಿಲ್ದಾಣ ಇಲ್ಲಿದೆ. ಅಲ್ಲಿಂದ ಮೊನೊರೈಲಿನಲ್ಲಿ ರೈಲು ನಿಲ್ದಾಣಕ್ಕೆ ಏಳೆಂಟು ನಿಮಿಷ. ನಾಲ್ಕೂ ದಿಕ್ಕಿಗೆ ರೈಲಿದೆ. ಸಂಜೆ ವಾಪಸ್ ಬಂದರೆ ಮಳೆಯಲ್ಲೂ ನೆನೆಯದೆ ಕಿಲೋಮೀಟರುಗಟ್ಟಲೆ ನಡೆಯುವ ಕಮಾನು ಮೊಗಸಾಲೆಗಳಿವೆ. 2021ರಲ್ಲಿ ಅವು ಯುನೆಸ್ಕೊ ಪಟ್ಟಿ ಸೇರಿದವು.

ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ ಕೋಣೆ ಹಿಡಿಯಿರಿ. ಬೆಳಿಗ್ಗೆ ಏಳರ ರೈಲಿಗೆ ಇದು ಬಹಳ ಅನುಕೂಲ.

ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ತಿಂಗಳುಗಳು. ಆಗಸ್ಟ್ ಬೇಡ. ಆಗಸ್ಟ್ 15ರ ಫೆರಗೋಸ್ತೊ ಹಬ್ಬದ ಆಚೀಚೆ ಕಾರ್ಖಾನೆಗಳು ನಿಲ್ಲುತ್ತವೆ, ಒಳ್ಳೆಯ ಹೋಟೆಲುಗಳು ಬಾಗಿಲು ಹಾಕುತ್ತವೆ, ಬಿಸಿಲೂ ಜಾಸ್ತಿ. ಬೊಲೋನ್ಯಾದಲ್ಲಿ ದೊಡ್ಡ ವ್ಯಾಪಾರ ಮೇಳಗಳು ನಡೆಯುವ ವಾರಗಳಲ್ಲಿ ಕೋಣೆ ಬಾಡಿಗೆ ಏರುತ್ತದೆ. ಟಿಕೆಟ್ ಮಾಡಿಸುವ ಮೊದಲು ಮೇಳದ ದಿನಗಳನ್ನೊಮ್ಮೆ ನೋಡಿ.

ಎರಡನೇ ಹೆಜ್ಜೆ: ರೈಲೋ, ಬಾಡಿಗೆ ಕಾರೋ?

ಈ ಊರುಗಳನ್ನೆಲ್ಲ ಪೋಣಿಸುವ ದಾರ ವಿಯಾ ಎಮಿಲಿಯಾ. ಕ್ರಿ.ಪೂ. 187ರಲ್ಲಿ ರೋಮನ್ನರು ರಿಮಿನಿಯಿಂದ ಪಿಯಾಚೆಂಜಾವರೆಗೆ ಹಾಕಿದ ನೇರ ರಸ್ತೆ ಅದು. ಇಮೋಲಾ, ಬೊಲೋನ್ಯಾ, ಮೊದೆನಾ, ರೆಜ್ಜೊ, ಪಾರ್ಮಾ ಎಲ್ಲವೂ ಅದರ ಮೇಲೇ ಕೂತಿವೆ. ರೈಲು ಹಳಿಯೂ ಅದರ ಪಕ್ಕದಲ್ಲೇ ಓಡುತ್ತದೆ. ಆದ್ದರಿಂದ ನೆನಪಿಡುವ ಸೂತ್ರ ಸುಲಭ: ರಸ್ತೆಯ ಮೇಲಿರುವ ಊರಿಗೆ ರೈಲು, ರಸ್ತೆಯಿಂದ ಒಳಗಿರುವ ಹಳ್ಳಿಗೆ ಕಾರು.

ಮೊದೆನಾ ಮತ್ತು ಇಮೋಲಾಕ್ಕೆ ಸುಮಾರು ಅರ್ಧ ಗಂಟೆ, ಪಾರ್ಮಾಕ್ಕೆ ಒಂದು ಗಂಟೆ. ಇವಕ್ಕೆ 'ರೆಜೊನಾಲೆ' ಎಂಬ ಸಾಮಾನ್ಯ ರೈಲೇ ಸಾಕು. ಅದರ ದರ ಬದಲಾಗುವುದಿಲ್ಲ, ಮುಂಗಡ ಬುಕಿಂಗ್ ಬೇಕಿಲ್ಲ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಮುದ್ರೆ ಹಾಕಿಸಲೇಬೇಕು. ಮೊಬೈಲ್ ಟಿಕೆಟ್ ಆದರೆ ಚೆಕ್-ಇನ್ ಒತ್ತಬೇಕೇ ಎಂದು ನೋಡಿಕೊಳ್ಳಿ. ಮರೆತರೆ ದಂಡ. ಬೊಲೋನ್ಯಾ ನಿಲ್ದಾಣದಲ್ಲಿ '1' ಎಂಬ ಪ್ಲಾಟ್‌ಫಾರ್ಮೂ ಇದೆ, '1 ಓವೆಸ್ತ್' ಎಂಬುದೂ ಇದೆ. ಓವೆಸ್ತ್ ಅಂದರೆ ಪಶ್ಚಿಮ. ಅದು ನಿಲ್ದಾಣದ ಒಂದು ತುದಿಯಲ್ಲಿದೆ, ನಡೆಯಲು ಐದು ನಿಮಿಷ ಬೇಕು. ಬೋರ್ಡನ್ನು ಪೂರ್ತಿ ಓದಿ.

'ಶೋಪೆರೊ' ಎಂಬ ಪದ ಕಲಿತುಕೊಳ್ಳಿ. ಮುಷ್ಕರ ಅಂತ ಅರ್ಥ. ಮೊದಲೇ ಘೋಷಣೆ ಆಗಿರುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಅಗತ್ಯದ ರೆಜೊನಾಲೆ ರೈಲುಗಳು ಓಡುತ್ತವೆ. ಅವತ್ತಿನ ಓಡಾಟವನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳಿ.

ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಊರಿನಿಂದ ಹೊರಡುವ ಮೊದಲೇ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ನಮ್ಮ ಡಿಎಲ್ ಜೊತೆಗೆ ಅದೂ ಇರಬೇಕು. ಅಲ್ಲಿ ಬಲಗಡೆ ಓಡಿಸುತ್ತಾರೆ. ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ಮಿತಿ, ಮಳೆ ಬಂದರೆ 110. ಇವೆಲ್ಲಕ್ಕಿಂತ ದೊಡ್ಡ ತಲೆನೋವು 'ಜೆಡ್‌ಟಿಎಲ್', ಅಂದರೆ ಹಳೆಯ ಪೇಟೆಯೊಳಗೆ ಹೊರಗಿನ ವಾಹನಗಳಿಗೆ ನಿರ್ಬಂಧ. ತಡೆಯಲು ಗೇಟಿಲ್ಲ, ಪೊಲೀಸರಿಲ್ಲ, ಕ್ಯಾಮೆರಾ ಮಾತ್ರ. ಒಂದು ಸಲ ಒಳಗೆ ಹೋದರೆ ಒಂದು ದಂಡ, ಸಂಜೆ ಮತ್ತೆ ಹೋದರೆ ಇನ್ನೊಂದು. ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ, ಬಾಡಿಗೆ ಕಂಪನಿಯ ಶುಲ್ಕ ಬೇರೆ. ಜಿಪಿಎಸ್ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ, ನಂಬಬೇಡಿ. ಕಾರನ್ನು ವಿಮಾನ ನಿಲ್ದಾಣದ ಹತ್ತಿರ ತೆಗೆದುಕೊಂಡು ಅಲ್ಲೇ ಬಿಡಿ. ಪೇಟೆಗೆ ತರಲೇಬೇಡಿ.

ನನ್ನ ಸಲಹೆ: ಮೂರು ದಿನ ಇದ್ದರೆ ಎರಡು ದಿನ ರೈಲು, ಒಂದು ದಿನ ಮಾತ್ರ ಕಾರು.

ಮೂರನೇ ಹೆಜ್ಜೆ: ಸಸ್ಯಾಹಾರಿಗಳು ಹೊರಡುವ ಮೊದಲು ತಿಳಿಯಬೇಕಾದ್ದು

ಇದನ್ನು ಮುಂದೆಯೇ ಹೇಳಿಬಿಡುತ್ತೇನೆ. ಅಲ್ಲಿ ಹೋಗಿ, ತಿಂದು, ಆಮೇಲೆ ಗೊತ್ತಾದರೆ ಮನಸ್ಸಿಗೆ ಕಷ್ಟವಾಗುತ್ತದೆ. ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಹೆಪ್ಪುಗಟ್ಟಿಸಲು ಬಳಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ನಿಯಮವೇ ಹಾಗಿದೆ, ಸಸ್ಯಮೂಲದ್ದನ್ನು ಬಳಸಿದರೆ ಆ ಹೆಸರು ಇಡುವಂತಿಲ್ಲ. ತಿನ್ನುವುದು ಬಿಡುವುದು ನಿಮ್ಮ ತೀರ್ಮಾನ. ತಿನ್ನದಿದ್ದರೂ ಮಾಡುವುದನ್ನು ನೋಡಲು ಅಡ್ಡಿಯಿಲ್ಲ.

ಇಲ್ಲಿನ ತಾಜಾ ಪಾಸ್ತಾದ ಹಿಟ್ಟನ್ನು ಮೊಟ್ಟೆ ಹಾಕಿ ಕಲಸುತ್ತಾರೆ. ಮೊಟ್ಟೆ ಬೇಡದವರು 'ಪಾಸ್ತಾ ದಿ ಸೆಮೊಲಾ', ಅಂದರೆ ರವೆ ಮತ್ತು ನೀರಿನಿಂದ ಮಾಡಿದ ಒಣ ಪಾಸ್ತಾ ಕೇಳಬೇಕು. ತೊರ್ತೆಲ್ಲಿನಿ ಎಂಬ ಪುಟ್ಟ ಕಡುಬಿನೊಳಗೆ ಹಂದಿ ಮಾಂಸ ಇರುತ್ತದೆ. ಅದಕ್ಕಿಂತ ದೊಡ್ಡದಾದ ತೊರ್ತೆಲ್ಲೊನಿಯೊಳಗೆ ಸಾಮಾನ್ಯವಾಗಿ ರಿಕೊತ್ತಾ ಚೀಸ್ ಮತ್ತು ಸೊಪ್ಪು. ಒಂದಕ್ಷರದ ವ್ಯತ್ಯಾಸ, ಎಚ್ಚರವಿರಲಿ. ಉಬ್ಬಿದ ಪೂರಿಯಂತೆ ಕಾಣುವ 'ಞೊಕ್ಕೊ ಫ್ರಿತ್ತೊ'ವನ್ನು ಕರಿಯುವುದು ಹೆಚ್ಚಾಗಿ ಹಂದಿ ಕೊಬ್ಬಿನಲ್ಲಿ. ಅದಕ್ಕೆ 'ಸ್ತ್ರುತ್ತೊ' ಅನ್ನುತ್ತಾರೆ. 'ಸೆನ್ಜಾ ಕಾರ್ನೆ, ಸೆನ್ಜಾ ಸ್ತ್ರುತ್ತೊ', ಅಂದರೆ ಮಾಂಸ ಬೇಡ, ಕೊಬ್ಬು ಬೇಡ ಎಂದು ಕೇಳಿ. ಬೇಸರವಿಲ್ಲದೆ ಹೇಳುತ್ತಾರೆ. ಪಿಜ್ಜಾ ಮರಿನಾರಾದಲ್ಲಿ ಚೀಸೇ ಇರುವುದಿಲ್ಲ: ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಓರೆಗಾನೊ ಅಷ್ಟೇ.

ಮಾಂಸ ತಿನ್ನುವವರಿಗೆ ಇಲ್ಲಿ ಹಬ್ಬ. ಹಂದಿ ಮಾಂಸದಿಂದ ಮಾಡುವ ಬೊಲೋನ್ಯಾದ ಮೊರ್ತದೆಲ್ಲಾ, ಪಾರ್ಮಾದ ಪ್ರೊಶ್ಶುತ್ತೊ, ತಾಳ್ಯತೆಲ್ಲೆ ಎಂಬ ಪಟ್ಟಿಯಂಥ ಪಾಸ್ತಾದ ಮೇಲೆ ರಗು ಎಂಬ ಮಾಂಸದ ಗೊಜ್ಜು. ನಾವು 'ಸ್ಪಗೆಟ್ಟಿ ಬೊಲೊನೀಸ್' ಅನ್ನುವುದು ಈ ಊರಿನ ಊಟವಲ್ಲ. ಇಲ್ಲಿ ರಗು ಜೊತೆ ಬರುವುದು ಅಗಲದ ತಾಳ್ಯತೆಲ್ಲೆ. ಬೆಂದ ಮೇಲೆ ಅದರ ಅಗಲ 8 ಮಿ.ಮೀ. ಇರಬೇಕೆಂದು 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿಟ್ಟ ಊರು ಇದು.

ಮೊದಲ ದಿನ: ಮೊದೆನಾ ಮತ್ತು ಮರಾನೆಲ್ಲೊ

ಬೆಳಿಗ್ಗೆ ಏಳರ ಸುಮಾರಿಗೆ ರೈಲು ಹತ್ತಿ. ಮೊದೆನಾದಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಊರ ಹೊರಗಿನ ಒಂದು 'ಕಾಜೆಯಿಫೀಚೊ'ಗೆ ಹೋಗಿ. ಚೀಸ್ ಮಾಡುವ ಡೈರಿಗೆ ಆ ಹೆಸರು. ಮೊದಲೇ ಇಮೇಲ್ ಮಾಡಿ ಸಮಯ ಗೊತ್ತುಮಾಡಿಕೊಂಡಿರಬೇಕು. ಎಂಟೂವರೆಯ ಒಳಗೆ ಅಲ್ಲಿದ್ದರೆ ಒಳ್ಳೆಯದು.

ನಮ್ಮ ಮನೆಗಳಲ್ಲಿ ಹೆಪ್ಪು ಹಾಕುವುದನ್ನು ನೋಡಿ ಬೆಳೆದವರಿಗೆ ಅಲ್ಲಿನ ಕೆಲಸ ತಕ್ಷಣ ಅರ್ಥವಾಗುತ್ತದೆ. ನಿನ್ನೆ ಸಂಜೆಯ ಹಾಲು ರಾತ್ರಿಯಿಡೀ ಅಗಲದ ತೊಟ್ಟಿಯಲ್ಲಿ ನಿಂತಿರುತ್ತದೆ. ಮೇಲೆ ಬಂದ ಕೆನೆ ತೆಗೆದು, ಅದಕ್ಕೆ ಇವತ್ತು ಬೆಳಗಿನ ಹಾಲು ಬೆರೆಸುತ್ತಾರೆ. ನಾವು ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹಾಕುವ ಹಾಗೆ, ಅವರು ನಿನ್ನೆಯ ಚೀಸ್ ತೆಗೆದು ಉಳಿದ ಹುಳಿನೀರನ್ನು ಹಾಕುತ್ತಾರೆ. ಆಮೇಲೆ ರೆನೆಟ್. ಹತ್ತೇ ನಿಮಿಷದಲ್ಲಿ ಹಾಲು ಗಟ್ಟಿಯಾಗುತ್ತದೆ. 'ಸ್ಪೀನೊ' ಎಂಬ ಕಡ್ಡಿಗಳ ಕಡೆಗೋಲಿನಂಥ ಸಾಧನದಿಂದ ಅದನ್ನು ಅಕ್ಕಿಕಾಳಿನಷ್ಟು ಸಣ್ಣದಾಗಿ ಒಡೆದು, ಸುಮಾರು 55 ಡಿಗ್ರಿಯವರೆಗೆ ಕಾಯಿಸುತ್ತಾರೆ. ಕಾಳುಗಳೆಲ್ಲ ತಳಕ್ಕಿಳಿದು ಒಂದಾಗಿ ಕೂಡುತ್ತವೆ. ಮುಕ್ಕಾಲು ಗಂಟೆ ಕಾದ ಮೇಲೆ ಇಬ್ಬರು ಸೇರಿ ಅದನ್ನು ಬಟ್ಟೆಯಲ್ಲಿ ಮೇಲೆತ್ತಿ ಎರಡು ಭಾಗ ಮಾಡುತ್ತಾರೆ. ಅವಕ್ಕೆ ಅವಳಿ ಎಂದೇ ಹೆಸರು. ಆ ಎತ್ತುವ ಗಳಿಗೆ ತಪ್ಪಿಸಿಕೊಳ್ಳಬೇಡಿ. ಇಷ್ಟು ಬೇಗ ಎದ್ದು ಬಂದದ್ದು ಅದಕ್ಕೇ.

ಒಂದು ಚೀಸ್ ಗಾಲಿಗೆ ಸುಮಾರು 550 ಲೀಟರ್ ಹಾಲು ಬೇಕು. ತೂಕ 40 ಕೆ.ಜಿ. ಆಚೀಚೆ. ಉಪ್ಪುನೀರಿನಲ್ಲಿ ಮೂರು ವಾರ ಮುಳುಗಿಸಿಟ್ಟು, ಆಮೇಲೆ ಕಡಿಮೆ ಎಂದರೆ 12 ತಿಂಗಳು ಹಲಗೆಯ ಮೇಲೆ ಮಾಗಿಸುತ್ತಾರೆ. ವರ್ಷ ತುಂಬಿದ ಮೇಲೆ ಪರೀಕ್ಷಕರು ಪುಟ್ಟ ಸುತ್ತಿಗೆಯಿಂದ ಬಡಿದು ಶಬ್ದ ಕೇಳುತ್ತಾರೆ. ಒಳಗೆ ಬಿರುಕಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ನಾವು ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುವುದಿಲ್ಲವೇ, ಹಾಗೆ.

ಈ ಬಯಲಿನ ದನದ ಕೊಟ್ಟಿಗೆಗಳಲ್ಲಿ ಪಂಜಾಬಿನಿಂದ ಬಂದ ಅನೇಕರು ದುಡಿಯುತ್ತಾರೆ. ರೆಜ್ಜೊ ಹತ್ತಿರದ ನೊವೆಲ್ಲಾರಾದಲ್ಲಿ ಅವರ ದೊಡ್ಡ ಗುರುದ್ವಾರವೇ ಇದೆ. ಇಟಲಿಯ ಹೆಮ್ಮೆಯ ಚೀಸಿನ ಹಿಂದೆ ನಮ್ಮ ದೇಶದವರ ಕೈ ಇದೆ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು.

ಒಂದೇ ಡೈರಿ ನೋಡುವುದಾದರೆ ಮೊದೆನಾ ಹೊರವಲಯದ ಓಂಬ್ರೆ ಫಾರ್ಮ್ ಆಯ್ಕೆ ಮಾಡಿ. ಸಾವಯವ ಪಾರ್ಮಿಜಾನೊ ಮಾಡುವ ಆ ತೋಟದಲ್ಲೇ ಉಂಬೆರ್ತೊ ಪಾನೀನಿ ಅವರ ಕಾರು ಸಂಗ್ರಹವಿದೆ. ಫುಟ್‌ಬಾಲ್ ಆಟಗಾರರ ಸ್ಟಿಕರ್ ಮಾಡಿ ಹೆಸರಾದ ಪಾನೀನಿ ಸೋದರರಲ್ಲಿ ಅವರೊಬ್ಬರು. 1996ರಲ್ಲಿ ಮಸೆರಾಟಿಯ ಹಳೆಯ ಕಾರುಗಳು ಲಂಡನ್ನಿನಲ್ಲಿ ಹರಾಜಾಗಿ ಚದುರಿಹೋಗುವುದರಲ್ಲಿದ್ದವು. ಅವನ್ನು ಕೊಂಡು ಊರಿನಲ್ಲೇ ಉಳಿಸಿಕೊಂಡವರು ಅವರು. ಅದರಲ್ಲಿ 1958ರ ಎಲ್ದೊರಾದೊ ಎಂಬ ರೇಸ್ ಕಾರು ಇದೆ. ಅದಕ್ಕೆ ಹಣ ಹಾಕಿದ್ದು ಒಂದು ಐಸ್‌ಕ್ರೀಮ್ ಕಂಪನಿ. ಮೊಂಜಾ ರೇಸ್ ಟ್ರ್ಯಾಕಿನಲ್ಲಿ ಅದನ್ನು ಓಡಿಸಿದವರು ಸ್ಟರ್ಲಿಂಗ್ ಮಾಸ್. ಕೊಪ್ಪರಿಗೆಯಿಂದ ಎರಡು ಹೆಜ್ಜೆ ನಡೆದರೆ ಆ ಕಾರು! ನೋಡಲು ಮುಂಚಿತವಾಗಿ ಕೇಳಿಕೊಳ್ಳಬೇಕು, ಚಳಿಗಾಲದಲ್ಲಿ ತೆರೆದಿರುವುದಿಲ್ಲ.

ಹನ್ನೊಂದಕ್ಕೆ ಮೊದೆನಾ ಪೇಟೆಗೆ ಬನ್ನಿ. ಹಳೆಯ ಚರ್ಚಿನ ಚೌಕದಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂತು, ಪಕ್ಕದ ಅಲ್ಬಿನೆಲ್ಲಿ ಮಾರುಕಟ್ಟೆಗೆ ಹೋಗಿ. 1931ರ ಕಬ್ಬಿಣದ ಕಂಬಗಳ ಸಂತೆಮನೆ ಅದು. ಊಟ ಅಲ್ಲೇ ಮುಗಿಸಿ. ಇಟಲಿಯಲ್ಲಿ ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ. ಮೂರಕ್ಕೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ.

ಫೆರಾರಿಗೆ ಎರಡು ಮ್ಯೂಸಿಯಂಗಳಿವೆ. ಮೊದೆನಾ ನಿಲ್ದಾಣದಿಂದ ನಡೆದುಹೋಗಬಹುದಾದದ್ದು ಎನ್ಜೊ ಫೆರಾರಿ ಮ್ಯೂಸಿಯಂ. 1898ರಲ್ಲಿ ಅವರು ಹುಟ್ಟಿದ ಮನೆ ಮತ್ತು ತಂದೆಯ ಕಮ್ಮಟವನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಕಾರಿನ ಬಾನೆಟ್ಟಿನಂಥ ಹಳದಿ ಚಾವಣಿಯ ಕಟ್ಟಡ ಕಟ್ಟಿದ್ದಾರೆ. ಅದರ ವಿನ್ಯಾಸ ಮಾಡಿದ ಯಾನ್ ಕಾಪ್ಲಿಟ್ಸ್ಕಿ 2009ರಲ್ಲಿ ತೀರಿಕೊಂಡರು. ಕಟ್ಟಡ ತೆರೆದದ್ದು 2012ರಲ್ಲಿ. ಹಳದಿ ಮೊದೆನಾ ಊರಿನ ಬಣ್ಣ. ಫೆರಾರಿ ಲಾಂಛನದ ಕುದುರೆಯ ಹಿಂದಿರುವ ಹಳದಿಯೂ ಅದೇ. ಇನ್ನೊಂದು ಮ್ಯೂಸಿಯಂ 18 ಕಿ.ಮೀ. ದೂರದ ಮರಾನೆಲ್ಲೊದಲ್ಲಿ, ಕಾರ್ಖಾನೆಯ ಪಕ್ಕದಲ್ಲೇ. 1947ರ ಮೊದಲ ಫೆರಾರಿ 125 ಎಸ್ ಹೊರಬಂದ ಊರು ಅದು. ಎರಡಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ, ಮೊದೆನಾ ನಿಲ್ದಾಣದಿಂದ ಶಟಲ್ ಬಸ್ಸೂ ಇದೆ. ಒಂದನ್ನೇ ಆರಿಸಬೇಕಾದರೆ, ಫಾರ್ಮುಲಾ ಒನ್ ನೋಡುವವರು ಮರಾನೆಲ್ಲೊಗೆ ಹೋಗಲಿ. ಕತೆ ಇಷ್ಟಪಡುವವರಿಗೆ ಮೊದೆನಾ ಸಾಕು. ಬೆಳಿಗ್ಗೆ ಡೈರಿ ನೋಡಿ ಬಂದ ದಿನ ಎರಡನ್ನೂ ನೋಡುವುದು ಸುಸ್ತಿನ ಕೆಲಸ.

ಕಾರ್ಖಾನೆಯೊಳಗೆ ಸಾರ್ವಜನಿಕರನ್ನು ನಡೆದಾಡಲು ಬಿಡುವುದಿಲ್ಲ. ಬಸ್ಸಿನಲ್ಲಿ ಕೂತು ಕಾರ್ಖಾನೆಯ ಆವರಣ ಮತ್ತು ಫೆರಾರಿಯವರ ಫಿಯೊರಾನೊ ಪರೀಕ್ಷಾ ಟ್ರ್ಯಾಕ್ ಸುತ್ತಿಬರುವ ಪ್ರವಾಸ ಮಾತ್ರ ಇದೆ. ಮ್ಯೂಸಿಯಂ ಹೊರಗೆ ಫೆರಾರಿಯನ್ನು ಹತ್ತು ನಿಮಿಷ ಓಡಿಸಲು ಕೊಡುವ ಅಂಗಡಿಗಳು ಸಾಲಾಗಿವೆ. ಆಸೆಯಾಗುವುದು ಸಹಜ. ಗೀರು ಬಿದ್ದರೆ ನಿಮ್ಮ ಜೇಬಿನಿಂದ ಎಷ್ಟು ಕೊಡಬೇಕು ಎಂಬ ಸಾಲನ್ನು ಓದದೆ ಸಹಿ ಹಾಕಬೇಡಿ.

ಎರಡನೇ ದಿನ: ಕಾರಿನಲ್ಲಿ ಹಳ್ಳಿಗಳ ಕಡೆಗೆ

ಬಾಡಿಗೆ ಕಾರಿನ ದಿನ ಇದು. ಬೆಳಿಗ್ಗೆ ಹತ್ತಕ್ಕೆ ಸ್ಪಿಲಂಬೆರ್ತೊದಲ್ಲಿರಿ. ಅಲ್ಲಿ ಸಾಂಪ್ರದಾಯಿಕ ಬಾಲ್ಸಮಿಕ್ ವಿನೆಗರಿನ ಮ್ಯೂಸಿಯಂ ಇದೆ. ದ್ರಾಕ್ಷಿ ರಸವನ್ನು ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸಿ ಇಳಿಸುತ್ತಾರೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವುದನ್ನು ನೋಡಿದವರಿಗೆ ಆ ವಾಸನೆ ಪರಿಚಿತ ಅನಿಸುತ್ತದೆ. ಆಮೇಲೆ ಅದನ್ನು ಒಂದಕ್ಕಿಂತ ಒಂದು ಚಿಕ್ಕದಾದ ಮರದ ಪೀಪಾಯಿಗಳ ಸಾಲಿನಲ್ಲಿ, ಮನೆಯ ಅಟ್ಟದಲ್ಲಿ ಇಡುತ್ತಾರೆ. ಬೇಸಿಗೆಯ ಸೆಕೆಯೂ ಚಳಿಗಾಲದ ಚಳಿಯೂ ಎರಡೂ ಬೇಕು, ಅದಕ್ಕೇ ಅಟ್ಟ. ಪ್ರತಿ ವರ್ಷ ಕೊನೆಯ ಪುಟ್ಟ ಪೀಪಾಯಿಯಿಂದ ಸ್ವಲ್ಪ ತೆಗೆದು, ಅದಕ್ಕಿಂತ ದೊಡ್ಡದರಿಂದ ಅದನ್ನು ತುಂಬಿಸುತ್ತ ಬರುತ್ತಾರೆ. ಕನಿಷ್ಠ 12 ವರ್ಷ. 'ಎಕ್ಸ್‌ಟ್ರಾವೆಕ್ಯೊ' ಎಂದಿದ್ದರೆ 25 ವರ್ಷ. ಮಗಳು ಹುಟ್ಟಿದಾಗ ಹೊಸ ಪೀಪಾಯಿ ಸಾಲು ಶುರು ಮಾಡುವ ಪದ್ಧತಿ ಇಲ್ಲಿನ ಮನೆಗಳಲ್ಲಿತ್ತು.

ಕೊಳ್ಳುವಾಗ ಲೇಬಲ್ ನೋಡಿ. 'ತ್ರದಿತ್ಸಿಯೊನಾಲೆ' ಮತ್ತು 'ಡಿಒಪಿ' ಎರಡೂ ಇದ್ದರೆ ಮಾತ್ರ ಈ ವಿನೆಗರ್. 'ಐಜಿಪಿ' ಎಂದಿರುವುದು ಬೇರೆ ವಸ್ತು. ಅದರಲ್ಲಿ ಮಾಮೂಲಿ ವೈನ್ ವಿನೆಗರ್ ಬೆರೆತಿರುತ್ತದೆ, 60 ದಿನ ಇಟ್ಟರೂ ಸಾಕು. ಸಲಾಡಿಗೆ ಅದು ಚೆನ್ನಾಗಿಯೇ ಇರುತ್ತದೆ, ಬೆಲೆಯೂ ಕಡಿಮೆ. ಮೊದೆನಾದ ಅಸಲಿ ವಿನೆಗರ್ ಬರುವುದು 100 ಮಿ.ಲೀ.ನ ಒಂದೇ ಆಕಾರದ ಗುಂಡು ಬಾಟಲಿಯಲ್ಲಿ. ಆ ಬಾಟಲಿಯ ವಿನ್ಯಾಸ ಜೊರ್ಜೆತ್ತೊ ಜುಜಾರೊ ಅವರದು. ನಮ್ಮ ರಸ್ತೆಗಳಲ್ಲೂ ಓಡಿದ ಫಿಯಟ್ ಊನೊ ಕಾರಿನ ರೂಪ ಕೊಟ್ಟವರೂ ಅವರೇ. ಕಾರು ಮತ್ತು ಅಡುಗೆಮನೆ ಒಂದೇ ಕೈಯಲ್ಲಿ ಸೇರಿದ್ದನ್ನು ನೋಡಬೇಕಾದರೆ ಆ ಬಾಟಲಿ ಹಿಡಿದು ನೋಡಿ.

ಅಲ್ಲಿಂದ ಸ್ವಲ್ಪವೇ ದೂರದ ಸಾನ್ ಚೆಜಾರಿಯೊದಲ್ಲಿ ಪಗಾನಿ. ಅರ್ಜೆಂಟೀನಾದಿಂದ ಬಂದ ಒರಾಸಿಯೊ ಪಗಾನಿ 1999ರಲ್ಲಿ ಜೋಂಡಾ ಕಾರು ತೋರಿಸಿದರು. ಮ್ಯೂಸಿಯಂ ಚಿಕ್ಕದು. ಕಾರ್ಬನ್ ಫೈಬರಿನ ಕೈಕೆಲಸ ಹತ್ತಿರದಿಂದ ನೋಡಲು ಸಿಗುವುದೇ ಇಲ್ಲಿನ ಲಾಭ. ಬುಕ್ ಮಾಡಿಕೊಂಡೇ ಹೋಗಿ.

ಮಧ್ಯಾಹ್ನ ಊಟವಾದ ಮೇಲೆ ಸಾಂತ್ ಆಗಾತಾ ಬೊಲೊನ್ಯೇಜೆಗೆ, ಲ್ಯಾಂಬೊರ್ಗಿನಿಯ ಊರಿಗೆ. ಫೆರುಚ್ಚೊ ಲ್ಯಾಂಬೊರ್ಗಿನಿ ರೈತರ ಮಗ. ಯುದ್ಧ ಮುಗಿದ ಮೇಲೆ ಟ್ರ್ಯಾಕ್ಟರ್ ಮಾಡಿ ಗೆದ್ದು, 1963ರಲ್ಲಿ ಕಾರು ಕಂಪನಿ ಶುರು ಮಾಡಿದರು. ಕಾರ್ಖಾನೆ ಈಗಲೂ ಅದೇ ಊರಲ್ಲಿ, ಸುತ್ತಲೂ ಹೊಲ. 1966ರ ಮಿಯುರಾ ಕಾರನ್ನು ನೋಡದೆ ಬರಬೇಡಿ. ಕಾರು ಜೋಡಿಸುವ ಸಾಲನ್ನು ನೋಡುವ ಪ್ರವಾಸಕ್ಕೆ ಬೇರೆ ಬುಕಿಂಗ್ ಬೇಕು, ಅದು ಕೆಲಸದ ದಿನಗಳಲ್ಲಿ ಮಾತ್ರ. ಇಲ್ಲೊಂದು ಗೊಂದಲ ಇದೆ. ಫೂನೊ ಎಂಬ ಇನ್ನೊಂದು ಊರಿನಲ್ಲಿ ಅವರ ಕುಟುಂಬ ನಡೆಸುವ ಫೆರುಚ್ಚೊ ಲ್ಯಾಂಬೊರ್ಗಿನಿ ಮ್ಯೂಸಿಯಂ ಇದೆ. ಟ್ರ್ಯಾಕ್ಟರುಗಳು ಇರುವುದು ಅಲ್ಲಿ. ಟಿಕೆಟ್ ಕೊಳ್ಳುವಾಗ ಊರಿನ ಹೆಸರು ನೋಡಿ.

ಮಕ್ಕಳು ಜೊತೆಗಿದ್ದರೆ ಪಗಾನಿ ಬಿಟ್ಟುಬಿಡಿ. ಬದಲಿಗೆ ಆನ್ಜೊಲಾದಲ್ಲಿರುವ ಕಾರ್ಪಿಜಾನಿ ಜೆಲಾತೊ ಮ್ಯೂಸಿಯಂಗೆ ಕರೆದೊಯ್ಯಿರಿ. ಐಸ್‌ಕ್ರೀಮ್ ಯಂತ್ರ ಮಾಡುವ ಕಂಪನಿಯದು. ನೋಡುವುದೂ ಆಯಿತು, ತಿನ್ನುವುದೂ ಆಯಿತು.

ಇವತ್ತು ಎಲ್ಲಾದರೂ ಲಂಬ್ರುಸ್ಕೊ ವೈನ್ ರುಚಿ ನೋಡಲು ಕೊಟ್ಟರೆ, ಓಡಿಸುವವರು ಮುಟ್ಟಬಾರದು. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮಿತಿ. ಲೈಸೆನ್ಸ್ ಸಿಕ್ಕು ಮೂರು ವರ್ಷ ಆಗದವರಿಗೆ ಸೊನ್ನೆ.

ಮೂರನೇ ದಿನ: ಅರ್ಧ ದಿನ ಊರಲ್ಲೇ, ಅರ್ಧ ದಿನ ಇಮೋಲಾ

ಬೆಳಿಗ್ಗೆ ಬೊಲೋನ್ಯಾದ ಹಳೆಯ ಮಾರುಕಟ್ಟೆ ಕ್ವದ್ರಿಲಾತೆರೊದ ಗಲ್ಲಿಗಳಲ್ಲಿ ಸುತ್ತಿ. ಪಕ್ಕದ ಚೌಕದಲ್ಲಿ ಸಮುದ್ರದೇವ ನೆಪ್ಚೂನನ ಕಾರಂಜಿ ಇದೆ. ಅವನ ಕೈಯ ತ್ರಿಶೂಲವೇ ಮಸೆರಾಟಿಯ ಗುರುತು. ಮಸೆರಾಟಿ ಸೋದರರು 1914ರಲ್ಲಿ ಕಂಪನಿ ಶುರು ಮಾಡಿದ್ದು ಇದೇ ಊರಲ್ಲಿ. ಆಮೇಲೆ 13ನೇ ನಂಬರಿನ ಸಿಟಿ ಬಸ್ ಹತ್ತಿ ಬೊರ್ಗೊ ಪನಿಗಾಲೆಗೆ ಹೋದರೆ ಡುಕಾಟಿ. 1926ರಲ್ಲಿ ರೇಡಿಯೊ ಬಿಡಿಭಾಗ ಮಾಡುತ್ತಿದ್ದ ಕಂಪನಿ ಅದು. ಯುದ್ಧದ ನಂತರ ಸೈಕಲ್ಲಿಗೆ ಜೋಡಿಸುವ ಪುಟ್ಟ ಎಂಜಿನ್‌ನಿಂದ ಬೈಕಿನ ಕಡೆ ಹೊರಳಿತು. ಆ ಎಂಜಿನ್ನಿನ ಹೆಸರು ಕುಚ್ಚೊಲೊ, ಅಂದರೆ ನಾಯಿಮರಿ. ಅವರ ಮ್ಯೂಸಿಯಂಗೆ ವಾರದ ರಜೆ ಯಾವ ದಿನ ಎಂದು ನೋಡಿಕೊಂಡು ಹೊರಡಿ.

ಮಧ್ಯಾಹ್ನ ಇಮೋಲಾ. 1994ರ ಮೇ 1ರಂದು ಬ್ರೆಜಿಲ್‌ನ ಫಾರ್ಮುಲಾ ಒನ್ ಚಾಲಕ ಆಯರ್ಟನ್ ಸೆನ್ನಾ ಪ್ರಾಣಾಂತಿಕ ಅಪಘಾತಕ್ಕೀಡಾದ ಟ್ರ್ಯಾಕ್ ಇದು. ತಂಬುರೆಲ್ಲೊ ತಿರುವಿನ ಪಕ್ಕದ ಪಾರ್ಕಿನಲ್ಲಿ ತಲೆ ತಗ್ಗಿಸಿ ಕೂತ ಅವರ ಪ್ರತಿಮೆ ಇದೆ. ಬೇಲಿಯ ತುಂಬ ಬ್ರೆಜಿಲ್ ಬಾವುಟ, ಹೂವು, ಚೀಟಿ. ಹಿಂದಿನ ದಿನವೇ ಅಲ್ಲಿನ ಅಪಘಾತದಿಂದ ತೀರಿಕೊಂಡ ಚಾಲಕ ರೋಲಂಡ್ ರಾಟ್ಸೆನ್‌ಬರ್ಗರ್ ಅವರನ್ನೂ ನೆನೆಯಿರಿ. ಅವರ ಹೆಸರು ಹೇಳುವವರು ಕಡಿಮೆ. ಟ್ರ್ಯಾಕಿನ ಉದ್ದ 4.909 ಕಿ.ಮೀ. ಕೆಲವು ದಿನ ಜನರಿಗೆ ನಡೆಯಲು ಬಿಡುತ್ತಾರೆ. ಅಂಥ ದಿನ ಸಿಕ್ಕರೆ ಪೂರ್ತಿ ಸುತ್ತಿ ಬನ್ನಿ. ಟಿವಿಯಲ್ಲಿ ಸಮತಟ್ಟಾಗಿ ಕಾಣುವ ರಸ್ತೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಕಾಲಿಗೆ ಗೊತ್ತಾಗುತ್ತದೆ.

ಕೊನೆಯ ಹೆಜ್ಜೆ: ಮನೆಗೆ ತರುವುದು

ಚೀಸನ್ನು 'ಸೊತ್ತೊವೂತೊ' ಮಾಡಿಸಿ, ಅಂದರೆ ಗಾಳಿ ತೆಗೆದ ಪ್ಯಾಕಿಂಗ್. ಅಂಗಡಿಯವರೇ ಮಾಡಿಕೊಡುತ್ತಾರೆ. 24 ತಿಂಗಳದ್ದು ಎಲ್ಲ ಅಡುಗೆಗೂ ಹೊಂದುತ್ತದೆ. 36 ತಿಂಗಳದ್ದನ್ನು ಚೂರು ಚೂರೇ ಹಾಗೆಯೇ ತಿನ್ನಬೇಕು. ಬ್ರಿಟನ್ನಿನಲ್ಲಿರುವ ಕನ್ನಡಿಗರು ಗಮನಿಸಿ: 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಯುರೋಪಿನಿಂದ ಪ್ರಯಾಣಿಕರು ಚೀಸ್, ಹಾಲು, ಮಾಂಸ ತರುವುದನ್ನು ನಿಷೇಧಿಸಿತು. ಕೊಳ್ಳುವ ಮೊದಲು ಆಗಿನ ನಿಯಮ ನೋಡಿ. ಬೆಂಗಳೂರಿಗೆ ಬರುವವರೂ ಕಸ್ಟಮ್ಸ್ ನಿಯಮ ನೋಡಿಕೊಂಡೇ ಪ್ಯಾಕ್ ಮಾಡಿ.

ವಿನೆಗರ್ ಬಾಟಲಿಗೆ ಒಂದು ಅನುಕೂಲ ಇದೆ. ಅದು ಸರಿಯಾಗಿ 100 ಮಿ.ಲೀ. ಅನೇಕ ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಿ ಬಿಡುವ ದ್ರವದ ಮಿತಿಯೂ ಅಷ್ಟೇ. ಒಡೆಯುವ ಭಯವಿಲ್ಲದೆ ಪಾರದರ್ಶಕ ಚೀಲಕ್ಕೆ ಹಾಕಿ ಜೊತೆಗೇ ತನ್ನಿ. ಮನೆಯಲ್ಲಿ ಅದನ್ನು ಕುದಿಸಬೇಡಿ, ಒಗ್ಗರಣೆಗೂ ಬೇಡ. ಮಾವಿನ ಹೋಳಿನ ಮೇಲೆ ನಾಲ್ಕು ಹನಿ ಹಾಕಿ ನೋಡಿ.